ಮಹಾಜನ ವರದಿಯ ಬೆಳಗಾವಿ : ಆಧಾರಗಳನ್ನು ಕುರಿತು ಒಂದು ವಿಚಾರ

ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಆಯೋಗವು 1966ರ ಅಕ್ಟೋಬರಿನಲ್ಲಿ ನೇಮಕಗೊಂಡು, 1967ರ ಆಗಸ್ಟಿನಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಕನ್ನಡಿಗರು ಅದನ್ನು ತೀರ್ಪೆಂದು ಓದುತ್ತ ಬಂದಿದ್ದಾರೆ. ಮಹಾರಾಷ್ಟ್ರದವರು ಅನ್ಯಾಯವೆಂದು ತಿರಸ್ಕರಿಸುತ್ತ ಬಂದಿದ್ದಾರೆ. ಒಂದು ನಗರದ ಇತಿಹಾಸವನ್ನು ಹೇಳಹೊರಟ ಬರವಣಿಗೆಯೆಂದು ಅದನ್ನು ಪರಿಶೀಲಿಸಿದವರು ವಿರಳ. ಇಲ್ಲಿ ನಾವು ಕೈಕೊಂಡಿರುವುದು ಆ ಕೆಲಸವನ್ನು. ಬೆಳಗಾವಿಯು ಮೈಸೂರು ರಾಜ್ಯದಲ್ಲಿಯೇ ಉಳಿಯತಕ್ಕುದೆಂಬ ಆಯೋಗದ ನಿರ್ಣಯ ನಮಗೆ ಸಮ್ಮತವೇ. ಆದರೆ ನಿರ್ಣಯ ಸಮ್ಮತವೆಂಬ ಮಾತ್ರಕ್ಕೆ ಅದಕ್ಕೆ ಕೊಟ್ಟ ಆಧಾರಗಳೆಲ್ಲವೂ ಸಮ್ಮತವಾಗಬೇಕಿಲ್ಲ.

ಆಯೋಗವು ಮುಖ್ಯವಾಗಿ ನೆಚ್ಚಿಕೊಂಡ ಆಧಾರಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇವೆ. ನಗರದ ಮೂರು ದಿಕ್ಕುಗಳಲ್ಲಿ ಕನ್ನಡ ಪ್ರದೇಶವಿದೆಯೆಂಬುದು ಮೊದಲನೆಯದು. ಹಕ್ಕುಪತ್ರಗಳ ಮೇರೆಗೆ ಭೂಮಿಯ ಹೆಚ್ಚು ಭಾಗ ಕನ್ನಡಿಗರದೆಂಬುದು ಎರಡನೆಯದು. ಮೊದಲನೆಯದು ಗಟ್ಟಿಯಾದ ವಾದ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ಕೂಡ, ಜಿಲ್ಲೆಯ ಬಹುಪಾಲು ತಾಲ್ಲೂಕುಗಳು ಕರ್ನಾಟಕಕ್ಕೆ ಸೇರುವಾಗ ಜಿಲ್ಲೆಯ ಮುಖ್ಯಸ್ಥಳವೂ ಅವುಗಳೊಡನೆ ಹೋಗಬೇಕೆಂದು ಆಡಳಿತದ ದೃಷ್ಟಿಯಿಂದ ಹೇಳಿತ್ತು. ಎರಡನೆಯದರಲ್ಲಿ ನಮಗೆ ಸಂದೇಹವುಂಟು. ಭೂಮಿಯ ಒಡೆಯನ ಹೆಸರಿನಿಂದ ಅದರ ಮೇಲೆ ವಾಸಿಸುವವರ ಭಾಷೆ ತಿಳಿಯುವುದೆ? ನಗರವೆಂಬುದು ಬಾಡಿಗೆಯವರ, ಕೂಲಿಕಾರರ, ನೇಕಾರರ, ಅಂಗಡಿಕಾರರ ನೆಲೆ. ಇವರಲ್ಲಿ ಬಹುಮಂದಿ ಹಕ್ಕುಪತ್ರದಲ್ಲಿ ಕಾಣಿಸಿಕೊಳ್ಳುವವರಲ್ಲ.

ಇನ್ನು ಪ್ರತಿಪಕ್ಷದ ವಾದವನ್ನು ನೋಡೋಣ. 1948ರಲ್ಲಿ ಬೆಳಗಾವಿಯ ಪುರಸಭೆಯು ತನ್ನ ಪ್ರದೇಶವನ್ನು ಭಾವೀ ಮರಾಠಿ ಪ್ರಾಂತಕ್ಕೆ ಸೇರಿಸಬೇಕೆಂದು ಕೇಳಿತು. ಇದಕ್ಕೆ ಎರಡು ವರ್ಷ ಮೊದಲು, 1946ರಲ್ಲಿ, ಸಂಯುಕ್ತ ಮಹಾರಾಷ್ಟ್ರದ ಬೇಡಿಕೆಯನ್ನು ಮಂಡಿಸಿದ ಮರಾಠಿ ಸಾಹಿತ್ಯ ಸಮ್ಮೇಳನ ಸೇರಿದ್ದೂ ಈ ಊರಲ್ಲಿಯೇ. ಅಂದಿನಿಂದ ಇಂದಿನವರೆಗೆ ಪುರಸಭೆಯ ಬಹುಮತವನ್ನು ಜನಮತಗಣನೆಯೆಂದು ಮುಂದಿಡುವುದು ಆ ಪಕ್ಷದ ರೂಢಿ. ಈ ಬಹುಮತದ ಪರಂಪರೆ ಬೆಳೆದುದು ಎಂತಹ ಮತದಾರರಿಂದ ಎಂಬುದನ್ನು ಯಾರೂ ಕೇಳಿದಂತೆ ತೋರದು. ಬ್ರಿಟಿಷರ ಕಾಲದ ಪುರಸಭೆಗಳಲ್ಲಿ ಮತದ ಹಕ್ಕು ಆಸ್ತಿ, ತೆರಿಗೆಗಳಿಗೆ ಕಟ್ಟುಬಿದ್ದಿತ್ತು. ಆದಕಾರಣ ಹಕ್ಕುಪತ್ರವನ್ನು ತೋರಿಸುವ ಕನ್ನಡ ವಾದವೂ, ಹಳೆಯ ಪುರಸಭೆಯನ್ನು ತೋರಿಸುವ ಮರಾಠಿ ವಾದವೂ ನಿಂತಿರುವುದು ಒಂದೇ ನೆಲದ ಮೇಲೆ : ಆಸ್ತಿಯುಳ್ಳವನನ್ನೇ ಎರಡೂ ಊರೆಂದು ಎಣಿಸುತ್ತವೆ. ಪರಸ್ಪರ ಇಷ್ಟು ಕಾದಾಡಿದ ವಾದಗಳು ಹೀಗೆ ದಾಯಾದಿಗಳಾಗಿರುವುದು ವಿನೋದವೇ ಸರಿ.

ಸ್ವಾತಂತ್ರ್ಯಾನಂತರ ಪ್ರಾಪ್ತವಯಸ್ಕರಿಗೆಲ್ಲ ಮತ ಬಂದಿತು. ಮರಾಠಿ ಬಹುಮತವೂ ದೀರ್ಘಕಾಲ ಉಳಿಯಿತು. 1951ರ ಜನಗಣತಿಯಲ್ಲಿ ನಗರದ ಅರ್ಧಕ್ಕಿಂತ ಹೆಚ್ಚು ಮಂದಿ ಮರಾಠಿಯನ್ನು ಮಾತೃಭಾಷೆಯೆಂದು ಬರೆಯಿಸಿದ್ದರೆಂಬುದನ್ನು ನಾವು ಮರೆಮಾಚಬೇಕಾದುದಿಲ್ಲ. ಆದರೆ ಜನಗಣತಿಯ ಆ ಅಂಕಣದಲ್ಲಿ ಒಂದು ಭಾಷೆಗೆ ಮಾತ್ರ ಎಡೆಯುಂಟು. ಬೆಳಗಾವಿಯ ಪೇಟೆಯಲ್ಲಿ ವ್ಯವಹರಿಸುವವನಿಗೆ ಕನ್ನಡ, ಮರಾಠಿ, ಉರ್ದು ಮೂರೂ ಬೇಕು. ನೇಕಾರಿಕೆಗೆ ಹೆಸರಾದ ಶಹಾಪುರವು 1948ರವರೆಗೆ ಸಾಂಗಲಿ ಸಂಸ್ಥಾನದ್ದು. ದಂಡಿನ ಪ್ರದೇಶದ ಆಡಳಿತವೋ ಬೇರೆಯೇ. ಇವನ್ನೆಲ್ಲ 'ಬೆಳಗಾವಿಯ ಜನತೆ' ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಿದ ಕೂಡಲೆ ಇತಿಹಾಸ ಕೈತಪ್ಪುತ್ತದೆ. 'ಕರ್ನಾಟಕ ಸಿಂಹ'ರೆನಿಸಿದ ಗಂಗಾಧರರಾವ ದೇಶಪಾಂಡೆಯವರನ್ನು ಯಾವ ಅಂಕಣದಲ್ಲಿ ಬರೆಯುವುದು? ತಿಲಕರ ಅನುಯಾಯಿ, ಆತ್ಮಚರಿತ್ರೆಯನ್ನು ಮರಾಠಿಯಲ್ಲಿ ಬರೆದವರು. ಆದರೆ ಕರ್ನಾಟಕ ಪ್ರಾಂತದ ಕಾಂಗ್ರೆಸ್ಸನ್ನು ಕಟ್ಟಿದವರು, 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಅಧಿವೇಶನವನ್ನು ಬೆಳಗಾವಿಗೆ ತಂದವರು. ಅದೇ ಸಂದರ್ಭದಲ್ಲಿ ಅಲ್ಲಿ ಕರ್ನಾಟಕ ಏಕೀಕರಣ ಪರಿಷತ್ತೂ ನೆರೆಯಿತು. ನಮ್ಮ ಪಠ್ಯಗಳು ಅವರ ಮರಾಠಿಯನ್ನು ಮೆಲ್ಲನೆ ಬದಿಗೆ ಸರಿಸುತ್ತವೆ. ಇದು ನಮಗೆ ಶೋಭೆಯಲ್ಲ.

ಈಚಿನ ಘಟನೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ಪುರಸಭೆಯು 1976ರಲ್ಲಿ ಮಹಾನಗರಪಾಲಿಕೆಯಾಯಿತು. 2004ರಲ್ಲಿ ಮಹಾರಾಷ್ಟ್ರವು ಗಡಿಯ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದಿತು. ಮರುವರ್ಷ ಪಾಲಿಕೆಯು ವಿಲೀನದ ನಿರ್ಣಯವನ್ನು ಅಂಗೀಕರಿಸಲು, ರಾಜ್ಯ ಸರಕಾರವು ಪಾಲಿಕೆಯನ್ನೇ ವಜಾಮಾಡಿತು. 2011ರಲ್ಲಿ ಮತ್ತೊಮ್ಮೆ ಹಾಗಾಯಿತು. ಆ ನಿರ್ಣಯವನ್ನು ನಾವು ಒಪ್ಪುವುದಿಲ್ಲ. ಆದರೂ ಚುನಾಯಿತ ಸಭೆಯನ್ನು ವಜಾಮಾಡಿದಾಗ ವಾರ್ಡಿನ ನೀರು, ಗಟಾರ, ದೀಪಗಳಿಗಾಗಿ ಕನ್ನಡಿಗನೂ ಮರಾಠಿಗನೂ ಸಮಾನವಾಗಿ ಅಧಿಕಾರಿಯ ಬಾಗಿಲಲ್ಲಿ ನಿಲ್ಲಬೇಕಾಯಿತೆಂಬುದನ್ನು ಗಡಿಹೋರಾಟದ ಚರಿತ್ರಕಾರರು ಬರೆಯುವುದಿಲ್ಲ. 2021ರಲ್ಲಿ ಪಕ್ಷಗಳ ಚಿಹ್ನೆಯ ಮೇಲೆ ಚುನಾವಣೆ ನಡೆದು, 58 ಸ್ಥಾನಗಳಲ್ಲಿ 35 ಭಾರತೀಯ ಜನತಾ ಪಕ್ಷಕ್ಕೆ ಸಂದು, ಮಹಾರಾಷ್ಟ್ರ ಏಕೀಕರಣ ಸಮಿತಿ ಬೆರಳೆಣಿಕೆಗೆ ಇಳಿಯಿತು. ಇದನ್ನು ಕನ್ನಡದ ಗೆಲವೆಂದು ಸಾರಿದವರುಂಟು. ಗೆದ್ದವರಲ್ಲಿ ಮರಾಠಿ ಭಾಷಿಕರೂ ಅನೇಕರಿದ್ದರು. ಹಿಂದಿನ ಬಹುಮತವು ಭಾಷೆಯ ಜನಮತಗಣನೆಯಲ್ಲವೆಂದು ವಾದಿಸಿದ ನಾವು, ಇಂದಿನದನ್ನು ಹಾಗೆಂದು ಎಣಿಸುವುದು ಹೇಗೆ?

ಈ ಪುರಸಭೆಯು 1850ರ ಕಾಯಿದೆಯ ಮೇರೆಗೆ 1851ರಲ್ಲಿ ಹುಟ್ಟಿತು. ಆ ಕಾಯಿದೆಯನ್ನು ನಿವಾಸಿಗಳ ಒಪ್ಪಿಗೆಯಿಲ್ಲದೆ ಯಾವ ಊರಿಗೂ ಅನ್ವಯಿಸುವಂತಿರಲಿಲ್ಲ. ಸಂಶೋಧನ ವಿದ್ಯಾರ್ಥಿಗಳು ಆಯೋಗಗಳ ವರದಿಗಳನ್ನು ಕೆಲಕಾಲ ಕೆಳಗಿರಿಸಿ, ನೀರಿಗಾಗಿ, ಸುಂಕದ ವಿನಾಯಿತಿಗಾಗಿ, ಶಾಲೆಗಾಗಿ ಊರವರು ಸಲ್ಲಿಸಿದ ಅರ್ಜಿಗಳನ್ನು ಹುಡುಕಬೇಕು. ಒಂದೇ ಓಣಿಯವರು ಯಾವ ಅರ್ಜಿಯನ್ನು ಯಾವ ಭಾಷೆಯಲ್ಲಿ ಬರೆಯಿಸಿದರು, ಅದರ ಕೆಳಗೆ ಯಾವ ಯಾವ ಲಿಪಿಯಲ್ಲಿ ರುಜು ಹಾಕಿದರು ಎಂಬುದರಿಂದಲೇ ಆ ಕೆಲಸ ಮೊದಲಾಗಬಹುದು.