ಸವೆದ ಎಫ್ ಕೀ

ಮೊನ್ನೆ ಇಂದಿರಾನಗರದ ಒಂದು ಕೆಫೆಗೆ ಹೋಗಿದ್ದೆ. ಮೂಲೆಯಲ್ಲೊಂದು ಹಳೇ ಮಾನಿಟರ್. ಒಳಗಿನ ಪಿಕ್ಚರ್ ಟ್ಯೂಬ್ ಕಿತ್ತು ಮನಿಪ್ಲಾಂಟ್ ನೆಟ್ಟಿದ್ದಾರೆ. ಜನ ಅದರ ಪಕ್ಕ ನಿಂತು ಸೆಲ್ಫಿ ತಗೋತಾರೆ. ಜೊತೆಗಿದ್ದ ಗೆಳೆಯನಿಗೆ ಹಳೇ ಕಂಪ್ಯೂಟರ್ ಅಂದ್ರೆ ಪ್ರಾಣ. "ಇದು ಕೊಲೆ ಕಣೋ" ಅಂದ. ಹೌದು ಅಂತ ನಾನೂ ತಲೆಯಾಡಿಸಿದೆ. ಮನೆಗೆ ಬಂದು ಯೋಚನೆ ಮಾಡಿದ್ರೆ, ನಾವು ಮಾಡ್ತಿರೋದೂ ಹೆಚ್ಚುಕಮ್ಮಿ ಅದೇ ಅನ್ನಿಸಿತು.

ನಾವು ಅಂದ್ರೆ, ಹಳೇ ಕಂಪ್ಯೂಟರ್ ಹುಡುಕಿ ತಂದು, ರಿಪೇರಿ ಮಾಡಿ, ಕಪಾಟಿನಲ್ಲಿಟ್ಟು ಖುಷಿಪಡೋ ಮಂದಿ. ಬಹುಪಾಲು ಐಟಿಯವರೇ. ಈ ಹವ್ಯಾಸದ ಸುಖ ನಾನು ಅಲ್ಲಗಳೆಯಲ್ಲ. 2000ದ ಆಸುಪಾಸಿನ ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಕೆಪಾಸಿಟರ್‌ಗಳ ತಲೆ ಉಬ್ಬಿರುತ್ತೆ. ಅವನ್ನು ಕಿತ್ತು, ಅಷ್ಟೇ ಮೈಕ್ರೋಫ್ಯಾರಡ್ ಇರೋ, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು ತಡೆಯೋ ಹೊಸದನ್ನು ಸೋಲ್ಡರ್ ಮಾಡಿ ಸ್ವಿಚ್ ಒತ್ತಿದಾಗ ಒಂದು "ಬೀಪ್" ಬರುತ್ತಲ್ಲ, ಅದರ ಮುಂದೆ ಆಫೀಸಿನ ಯಾವ ರಿಲೀಸೂ ಇಲ್ಲ. ನನ್ನ ತಕರಾರು ರಿಪೇರಿ ಬಗ್ಗೆ ಅಲ್ಲ. ಏನನ್ನು ಉಳಿಸ್ತೀವಿ, ಏನನ್ನು ಬಿಸಾಕ್ತೀವಿ ಅನ್ನೋದರ ಬಗ್ಗೆ.

ಮೊದಲು ಆಯ್ಕೆಯ ವಿಚಾರ. ನಮ್ಮಲ್ಲಿ ಬೆಲೆ ಇರೋದು 1977ರ ಆಪಲ್ 2ಕ್ಕೆ, 1982ರ ಕೊಮೊಡೋರ್ 64ಕ್ಕೆ. ಕೇಳಿದ್ರೆ "ಬಾಲ್ಯದ ನೆನಪು" ಅಂತಾರೆ. ಯಾರ ಬಾಲ್ಯ ಸ್ವಾಮಿ? ನಾನು ಮೊದಲ ಸಲ ಕಂಪ್ಯೂಟರ್ ನೋಡಿದ್ದು ನಮ್ಮ ತಾಲ್ಲೂಕಿನ ಜಾಬ್ ಟೈಪಿಂಗ್ ಅಂಗಡಿಯಲ್ಲಿ. ಕ್ಯಾಬಿನೆಟ್ ಮೇಲೆ ಕಂಪನಿ ಹೆಸರೇ ಇಲ್ಲದ ಅಸೆಂಬಲ್ಡ್ ಪೀಸು. ಅಂಥದ್ದನ್ನು ಯಾರೂ ಕಪಾಟಿನಲ್ಲಿಡಲ್ಲ. ಅದಿರಲಿ, ನಮ್ಮೂರಲ್ಲೇ ಹುಟ್ಟಿದ ಸಿಂಪ್ಯೂಟರ್ ಕಥೆ ನೋಡಿ. ಐಐಎಸ್‌ಸಿಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನವರು ಸೇರಿ 2001ರಲ್ಲಿ ಮಾದರಿ ತೋರಿಸಿದ ಅಂಗೈ ಕಂಪ್ಯೂಟರ್ ಅದು. ಲಿನಕ್ಸ್ ಮೇಲೆ ಓಡ್ತಿತ್ತು. ಒಂದೇ ಯಂತ್ರವನ್ನು ಹಳ್ಳಿಯ ಹಲವರು ಹಂಚಿಕೊಳ್ಳಲಿ ಅಂತ ಸ್ಮಾರ್ಟ್ ಕಾರ್ಡ್ ಇಟ್ಟಿದ್ರು, ಓದು ಬಾರದವರಿಗೆ ಅಂತ ಭಾರತೀಯ ಭಾಷೆಗಳಲ್ಲಿ ಮಾತಾಡಿಸಿದ್ರು. 2004ರಲ್ಲಿ ಬಿಇಎಲ್ ತಯಾರಿಸಿ "ಅಮಿಡಾ" ಅನ್ನೋ ಹೆಸರಲ್ಲಿ ಮಾರುಕಟ್ಟೆಗೂ ಬಂತು. ನನಗೆ ಗೊತ್ತಿರೋ ಒಬ್ಬ ಸಂಗ್ರಾಹಕನ ಮನೆಯಲ್ಲೂ ನಾನು ಅದನ್ನು ನೋಡಿಲ್ಲ.

ಇನ್ನು ಎರಡನೇ ತಕರಾರು. ಇದರಲ್ಲಿ ತಪ್ಪಿತಸ್ಥ ನಾನೇ.

ಕೆಲವು ವರ್ಷದ ಹಿಂದೆ ಶಿವಾಜಿನಗರದ ಗುಜರಿಯಲ್ಲಿ ಒಂದು ಪೆಂಟಿಯಮ್ 3 ಸಿಕ್ಕಿತು, ಕೀಬೋರ್ಡ್ ಸಮೇತ. "ಹಲಸೂರಿನ ಡಿಟಿಪಿ ಅಂಗಡಿದು ಸಾರ್, ಮುಚ್ಚಿಬಿಟ್ರು" ಅಂದ ಅಂಗಡಿಯವನು. ಕೆ.ಆರ್. ಪುರದ ಮನೆಗೆ ಆಟೋದಲ್ಲಿ ತಂದೆ. ಒಂದು ತಿಂಗಳು ಶ್ರದ್ಧೆಯಿಂದ ಕೂತೆ. ಹಳದಿಯಾಗಿದ್ದ ಪ್ಲಾಸ್ಟಿಕ್‌ಗೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ, ತಾರಸಿಯ ಬಿಸಿಲಿಗಿಟ್ಟು ಬೆಳ್ಳಗೆ ಮಾಡಿದೆ. ಹಾರ್ಡ್‌ಡಿಸ್ಕ್‌ಗೆ ಪೂರ್ತಿ ಸೊನ್ನೆ ಬರೆದು, ವಿಂಡೋಸ್ 98 ಹೊಸದಾಗಿ ಹಾಕಿದೆ. ಕೀಬೋರ್ಡಿನಲ್ಲಿ ಎಫ್ ಕೀ ಮಾತ್ರ ಅಕ್ಷರ ಅಳಿಸಿ ನುಣ್ಣಗಾಗಿತ್ತು, ಅದನ್ನೂ ಬದಲಾಯಿಸಿದೆ. "ಮೊದಲು–ಆಮೇಲೆ" ಫೋಟೊ ಹಾಕಿದೆ. ಲೈಕುಗಳು ಬಂದವು.

ಎಷ್ಟೋ ದಿನ ಆದ ಮೇಲೆ ಆ "ಮೊದಲು" ಫೋಟೊ ದೊಡ್ಡದು ಮಾಡಿ ನೋಡಿದೆ. ಕ್ಯಾಬಿನೆಟ್ ಪಕ್ಕ ಒಂದು ಚೀಟಿ. ಬಾಲ್‌ಪೆನ್ನಿನಲ್ಲಿ ಬರೆದದ್ದು: "ಕರೆಯೋಲೆ ಎಲ್ಲಾ ಡಿ ಡ್ರೈವ್‌ನಲ್ಲಿದೆ. ಅಳಿಸಬೇಡಿ." ಕೊಳೆ ಅಂದ್ಕೊಂಡು ನಾನೇ ಕೆರೆದು ತೆಗೆದಿದ್ದೆ.

ಎಫ್ ಕೀ ಯಾಕೆ ಸವೆದಿತ್ತು ಅಂತ ಆಗ ಹೊಳೆಯಿತು. ಇಂಗ್ಲಿಷ್ ಟೈಪ್ ಮಾಡೋರ ಕೀಬೋರ್ಡಿನಲ್ಲಿ ಎಫ್ ಅಷ್ಟು ಸವೆಯಲ್ಲ. ಆದರೆ ಕೆ.ಪಿ. ರಾವ್ ರೂಪಿಸಿದ ವಿನ್ಯಾಸವನ್ನು ಅನುಸರಿಸುವ ನುಡಿಯಲ್ಲಿ ಒತ್ತಕ್ಷರ ಬೇಕಂದ್ರೆ ಎಫ್ ಒತ್ತಬೇಕು. "ಅಪ್ಪ" ಅಂತ ಬರೆಯೋಕೆ ಎ, ಪಿ, ಎಫ್, ಪಿ. ಆ ಅಂಗಡಿಯಲ್ಲಿ ಯಾರೋ ವರ್ಷಾನುಗಟ್ಟಲೆ ಕೂತು ಕನ್ನಡ ಟೈಪ್ ಮಾಡಿದ್ದಾರೆ. ಕಂಟೋನ್ಮೆಂಟ್ ಕಡೆ ಕನ್ನಡ ಎಲ್ಲಿದೆ ಅಂತ ಕೇಳ್ತೀವಲ್ಲ, ಇಲ್ಲಿತ್ತು. ಹಲಸೂರಿನ ಮದುವೆ, ಗೃಹಪ್ರವೇಶ, ಅಣ್ಣಮ್ಮನ ಉತ್ಸವದ ಕರಪತ್ರ, ಇನ್ನೂ ಏನೇನಿತ್ತೋ.

ಇದು ಬರೀ ಭಾವುಕತೆ ಅಲ್ಲ. ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದರೂ ಡಿಟಿಪಿ ಅಂಗಡಿಗಳು ಎಷ್ಟೋ ವರ್ಷ ಕೆಲಸ ಮಾಡಿದ್ದು ಹಳೇ ನುಡಿ, ಬರಹದಂಥ ಫಾಂಟ್‌ಗಳಲ್ಲಿ. ಅವುಗಳಲ್ಲಿ ಅಕ್ಷರ ಅಕ್ಷರವಾಗಿ ಉಳಿಯಲ್ಲ. ಅದರ ಆಕಾರದ ತುಂಡುಗಳು ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟ್ ಇಲ್ಲದೆ ತೆರೆದ್ರೆ ಕಾಣೋದು ಬರೀ ಗೋಜಲು. ಪರಿವರ್ತಕಗಳಿವೆ ನಿಜ, ಆದರೆ ಪರಿವರ್ತಿಸೋಕೆ ಫೈಲ್ ಬೇಕಲ್ಲ? ಕೊಮೊಡೋರ್‌ನ ಆಟಗಳಿಗೆ ಜಗತ್ತಿನಾದ್ಯಂತ ಪ್ರತಿಗಳಿವೆ. ಹಲಸೂರಿನ ಆ ಡಿ ಡ್ರೈವ್‌ಗೆ ಬಹುಶಃ ಇದ್ದದ್ದು ಒಂದೇ ಪ್ರತಿ.

"ಬೇರೆಯವರ ಫೈಲ್ ನೋಡೋದು ತಪ್ಪಲ್ವಾ?" ಅಂತ ಗೆಳೆಯ ಕೇಳಿದ. ಸರಿಯಾದ ಪ್ರಶ್ನೆ. ಅದರಲ್ಲಿ ಜನರ ಹೆಸರು, ವಿಳಾಸ ಎಲ್ಲಾ ಇರುತ್ತೆ, ಎಲ್ಲೆಂದರಲ್ಲಿ ಹಾಕೋ ಹಾಗಿಲ್ಲ. ಆದರೆ ಅದಕ್ಕೆ ಉತ್ತರ ಯಾರನ್ನೂ ಕೇಳದೆ ಅಳಿಸೋದಲ್ಲ. ಯಂತ್ರ ಎಲ್ಲಿಂದ ಬಂತು ಅಂತ ಗುಜರಿಯವನಿಗೆ ಗೊತ್ತಿರುತ್ತೆ. ಹೋಗಿ ಮಾಲೀಕರನ್ನು ಕೇಳಬಹುದು. "ಅಳಿಸಿಬಿಡಪ್ಪ" ಅಂದ್ರೆ ಅಳಿಸಿದರಾಯ್ತು. ನಾನು ಕೇಳಲೇ ಇಲ್ಲ.

ಈಗ ಯಾವ ಹಳೇ ಪೆಟ್ಟಿಗೆ ಬಂದ್ರೂ ಮೊದಲು ಹಾರ್ಡ್‌ಡಿಸ್ಕ್ ಬಿಚ್ಚಿ, ಅಡಾಪ್ಟರ್ ಹಾಕಿ, ಪೂರ್ತಿ ಪ್ರತಿ ತೆಗೀತೀನಿ. ಚೀಟಿ, ಸ್ಟಿಕರ್‌ಗಳ ಫೋಟೊ ತೆಗೀತೀನಿ. ಸೋಲ್ಡರಿಂಗ್ ಐರನ್ ಬಿಸಿಯಾಗೋದು ಆಮೇಲೆ. ಪೆರಾಕ್ಸೈಡ್ ಹಚ್ಚೋದನ್ನಂತೂ ಬಿಟ್ಟೇಬಿಟ್ಟೆ. ಹಳದಿ ಇದ್ರೆ ಇರಲಿ.

ಆ ಪೆಂಟಿಯಮ್ ಇನ್ನೂ ನನ್ನ ಕಪಾಟಿನಲ್ಲಿದೆ, ಬೆಳ್ಳಗೆ ಹೊಳೀತಾ. ಹಳೇ ಎಫ್ ಕೀ ಡಬ್ಬಿಯಲ್ಲಿ ಸಿಕ್ಕಿತು, ವಾಪಸ್ ಕೂರಿಸಿದ್ದೀನಿ. ಡಿ ಡ್ರೈವ್ ತೆರೆದ್ರೆ ಖಾಲಿ.