ನಾರಿನ ಕೊರತೆಯೋ, ಜನಾಂಗದ ಗುಣವೋ?

ಓದಿದವರಿಗಿಂತ ಉಲ್ಲೇಖಿಸಿದವರೇ ಹೆಚ್ಚು ಎನ್ನಬಹುದಾದ ಕೆಲವು ಪ್ರಬಂಧಗಳು ವಿಜ್ಞಾನದಲ್ಲಿವೆ. ನೀಲ್ ಪೇಂಟರ್ ಮತ್ತು ಡೆನಿಸ್ ಬರ್ಕಿಟ್ 1971ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಪ್ರಕಟಿಸಿದ ಲೇಖನ ಅಂಥದ್ದು. ದೊಡ್ಡ ಕರುಳಿನ ಡೈವರ್ಟಿಕ್ಯುಲರ್ ಕಾಯಿಲೆಯು ಪಾಶ್ಚಾತ್ಯ ನಾಗರಿಕತೆ ತಂದ ಒಂದು ಕೊರತೆಯ ರೋಗ ಎಂಬುದು ಅದರ ವಾದ. ಕೊರತೆ ಎಂದರೆ ಆಹಾರದಲ್ಲಿ ನಾರಿನ ಕೊರತೆ. ಹಲವು ದಶಕಗಳ ಕಾಲ ಪಠ್ಯಪುಸ್ತಕಗಳು ಇದನ್ನು ಸಿದ್ಧವಾದ ಸತ್ಯವೆಂಬಂತೆ ಹೇಳುತ್ತ ಬಂದವು. ಆ ವಾದ ಈಗ ಎಷ್ಟರ ಮಟ್ಟಿಗೆ ನಿಲ್ಲುತ್ತದೆ?

ಮೊದಲು ಕಾಯಿಲೆಯ ಪರಿಚಯ. ರಕ್ತನಾಳಗಳು ದೊಡ್ಡ ಕರುಳಿನ ಸ್ನಾಯುಪದರವನ್ನು ತೂರಿ ಒಳಹೋಗುವ ಜಾಗಗಳು ಸ್ವಲ್ಪ ದುರ್ಬಲವಾಗಿರುತ್ತವೆ. ಅಲ್ಲಿ ಒಳಪದರವು ಹೊರಕ್ಕೆ ಉಬ್ಬಿ ಪುಟ್ಟ ಚೀಲಗಳಾಗುತ್ತವೆ. ಪಾಶ್ಚಾತ್ಯ ದೇಶಗಳಲ್ಲಿ 60 ವರ್ಷ ದಾಟಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇಂಥ ಚೀಲಗಳಿರುತ್ತವೆ. ಬಹುಪಾಲು ಜನರಿಗೆ ಅವುಗಳಿಂದ ಯಾವ ತೊಂದರೆಯೂ ಇಲ್ಲ. ಕೆಲವರಲ್ಲಿ ಮಾತ್ರ ಚೀಲ ಉರಿಯೂತಕ್ಕೊಳಗಾಗುತ್ತದೆ ಇಲ್ಲವೆ ಅದರಿಂದ ರಕ್ತ ಸುರಿಯುತ್ತದೆ. ಚೀಲ ಇರುವುದು ಬೇರೆ, ಕಾಯಿಲೆ ಬೀಳುವುದು ಬೇರೆ. ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕು.

ಬರ್ಕಿಟ್ ಉಗಾಂಡದಲ್ಲಿ ಶಸ್ತ್ರವೈದ್ಯರಾಗಿದ್ದವರು. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿದ್ದ ಈ ಕಾಯಿಲೆ ಆಫ್ರಿಕದ ಹಳ್ಳಿಗರಲ್ಲಿ ಅತಿ ವಿರಳವಾಗಿತ್ತು. ಅತ್ತ ಬ್ರಿಟನ್ನಿನಲ್ಲಿ 1880ರ ಸುಮಾರಿಗೆ ರೋಲರ್ ಗಿರಣಿಗಳು ಬಂದು, ಹೊಟ್ಟು ತೆಗೆದ ಬಿಳಿಯ ಹಿಟ್ಟು ಎಲ್ಲರ ಆಹಾರವಾಗಿತ್ತು. ಪೇಂಟರ್ ಕರುಳಿನೊಳಗಿನ ಒತ್ತಡವನ್ನು ಅಳೆದಿದ್ದವರು. ನಾರು ಕಡಿಮೆಯಾದರೆ ಮಲ ಗಟ್ಟಿಯಾಗುತ್ತದೆ, ಅದನ್ನು ತಳ್ಳಲು ಕರುಳು ತುಂಡು ತುಂಡಾಗಿ ಬಿಗಿದುಕೊಳ್ಳುತ್ತದೆ, ಒಳಗೆ ಒತ್ತಡ ಏರಿ ಚೀಲ ಮೂಡುತ್ತದೆ ಎಂದು ಇಬ್ಬರೂ ತರ್ಕಿಸಿದರು.

ಭೌತವಿಜ್ಞಾನದ ವಿದ್ಯಾರ್ಥಿಗೆ ಇಲ್ಲಿ ಲಾಪ್ಲಾಸನ ನಿಯಮ ನೆನಪಾಗುತ್ತದೆ. ಕೊಳವೆಯೊಂದರಲ್ಲಿ ಒತ್ತಡ = ಭಿತ್ತಿಯ ಎಳೆತ ÷ ತ್ರಿಜ್ಯ. ಕರುಳಿನ ಎಡಭಾಗದ ಕೊನೆಯಲ್ಲಿರುವ ಸಿಗ್ಮಾಯ್ಡ್ ಭಾಗ ಅತಿ ಕಿರಿದು. ಆದ್ದರಿಂದ ಅಷ್ಟೇ ಎಳೆತಕ್ಕೆ ಅಲ್ಲಿ ಒತ್ತಡ ಹೆಚ್ಚು. ಯೂರೋಪಿಯನ್ನರಲ್ಲಿ ಚೀಲಗಳು ಹೆಚ್ಚಾಗಿ ಕಾಣುವುದೂ ಅಲ್ಲಿಯೇ. ವಿವರಣೆ ಸೊಗಸಾಗಿದೆ.

ತೊಡಕು ಬರುವುದು ಜಪಾನ್, ಕೊರಿಯ, ಹಾಂಗ್‌ಕಾಂಗ್, ಸಿಂಗಪುರಗಳಿಂದ. ಅಲ್ಲಿಯ ಜನರಲ್ಲಿ ಚೀಲಗಳು ಪ್ರಧಾನವಾಗಿ ಮೂಡುವುದು ಕರುಳಿನ ಬಲಭಾಗದಲ್ಲಿ. ಬಲಭಾಗದ ಕರುಳು ಅಗಲ, ಅಲ್ಲಿ ಮಲವಿನ್ನೂ ದ್ರವರೂಪದಲ್ಲಿರುತ್ತದೆ. ಗಟ್ಟಿ ಮಲವನ್ನು ತಳ್ಳುವ ಮಾತೇ ಅಲ್ಲಿಲ್ಲ. ಲಾಪ್ಲಾಸನ ನಿಯಮವನ್ನು ತಿರುಗಿಸಿ ಓದಿದರೆ ಎಳೆತ = ಒತ್ತಡ × ತ್ರಿಜ್ಯ. ಆಗ ಅಷ್ಟೇ ಒತ್ತಡಕ್ಕೆ ಅಗಲವಾದ ಕಡೆ ಭಿತ್ತಿಯ ಎಳೆತ ಹೆಚ್ಚು ಎಂದಾಗುತ್ತದೆ! ಒಂದೇ ಸಮೀಕರಣ ಎಡಬದಿಗೂ ಒದಗುತ್ತದೆ, ಬಲಬದಿಗೂ ಒದಗುತ್ತದೆ. ನಿಯಮದಲ್ಲಿ ತಪ್ಪೇನೂ ಇಲ್ಲ. ಆದರೆ ಯಾವ ಫಲಿತಾಂಶ ಬಂದರೂ ಹೊಂದಿಕೊಳ್ಳುವ ವಿವರಣೆಯನ್ನು ಸಾಕ್ಷ್ಯವೆಂದು ಎಣಿಸಲಾಗದು.

ಹಾಗಾದರೆ ಎಲ್ಲವೂ ಜನಾಂಗದ ಗುಣವೆ? ಅದೂ ಅವಸರದ ತೀರ್ಮಾನ. ಹವಾಯಿಯಲ್ಲಿ ನೆಲೆಸಿದ ಜಪಾನೀಯರ ಶವಪರೀಕ್ಷೆಗಳನ್ನು ಆಧರಿಸಿ 1973ರಲ್ಲಿ ಬಂದ ಅಧ್ಯಯನ ಇಲ್ಲಿ ಮುಖ್ಯ. ಹೊಸ ನಾಡಿನಲ್ಲಿ ಅವರಲ್ಲಿ ಚೀಲಗಳು ಸಾಮಾನ್ಯವಾಗಿಬಿಟ್ಟಿದ್ದವು, ಆದರೆ ಅವು ಕಾಣುತ್ತಿದ್ದುದು ಹೆಚ್ಚಾಗಿ ಬಲಗಡೆಯೇ. ಸ್ವೀಡನ್ನಿನ 2006ರ ಅಧ್ಯಯನದಲ್ಲಿ, ಪಾಶ್ಚಾತ್ಯೇತರ ದೇಶಗಳಿಂದ ವಲಸೆ ಬಂದವರು ಈ ಕಾಯಿಲೆಗಾಗಿ ಆಸ್ಪತ್ರೆ ಸೇರುವುದು ಮೊದಲು ಕಡಿಮೆಯಿದ್ದು, ವಾಸದ ವರ್ಷಗಳು ಕಳೆದಂತೆ ಹೆಚ್ಚಿತು. ಸ್ವೀಡನ್ ಮತ್ತು ಡೆನ್ಮಾರ್ಕ್‌ಗಳ ಅವಳಿಗಳ ಅಧ್ಯಯನಗಳು (2012, 2013) ಆನುವಂಶಿಕತೆಯ ಪಾಲನ್ನು ಶೇಕಡ 40ರಿಂದ 53 ಎಂದು ಅಂದಾಜಿಸಿವೆ. ಎಷ್ಟು ಮಂದಿಗೆ ಎಂಬುದು ಬದುಕಿನ ರೀತಿಯೊಂದಿಗೆ ಬದಲಾಗುತ್ತದೆ. ಯಾವ ಬದಿಗೆ ಎಂಬುದು ಅಷ್ಟು ಸುಲಭವಾಗಿ ಬದಲಾಗದು. 1971ರ ಲೇಖನ ಕೈಗೆತ್ತಿಕೊಂಡದ್ದು ಮೊದಲನೆಯ ಪ್ರಶ್ನೆಯನ್ನು ಮಾತ್ರ.

ಆ ಲೇಖನದ ಇನ್ನೊಂದು ದೌರ್ಬಲ್ಯ ಹೋಲಿಕೆಯ ವಿಧಾನದ್ದು. ಈ ಚೀಲಗಳು ವಯಸ್ಸಿನೊಡನೆ ಹೆಚ್ಚುತ್ತವೆ. ಅಂದಿನ ಆಫ್ರಿಕದಲ್ಲಿ ವೃದ್ಧರ ಪ್ರಮಾಣ ಕಡಿಮೆ, ಬೇರಿಯಮ್ ಎಕ್ಸ್-ರೇ ಸೌಲಭ್ಯವಂತೂ ಇನ್ನೂ ಕಡಿಮೆ. ಹುಡುಕದ ಕಡೆ ಕಾಯಿಲೆ ಕಾಣುವುದಿಲ್ಲ. ಎರಡು ದೇಶಗಳ ನಡುವೆ ನಾರಿನ ಜೊತೆಗೆ ದುಡಿಮೆ, ಆಯುಷ್ಯ, ವಂಶ ಎಲ್ಲವೂ ಬೇರೆ. ಅವುಗಳಲ್ಲಿ ಒಂದನ್ನೇ ಆರಿಸಿ ಕಾರಣವೆನ್ನಲು ಪ್ರತ್ಯೇಕ ಪುರಾವೆ ಬೇಕು.

ಅಂಥ ಪುರಾವೆ ಹುಡುಕಿದಾಗ ಸಿಕ್ಕಿದ್ದು ಮಿಶ್ರ ಉತ್ತರ. ಅಮೆರಿಕದಲ್ಲಿ ಕೊಲೊನೋಸ್ಕೊಪಿ ಮಾಡಿಸಿಕೊಂಡ 2,104 ಮಂದಿಯ ಅಧ್ಯಯನದಲ್ಲಿ (2012) ಹೆಚ್ಚು ನಾರು ತಿನ್ನುವವರಲ್ಲೇ ಚೀಲಗಳು ಹೆಚ್ಚಾಗಿದ್ದವು. ಮಲಬದ್ಧತೆಯೂ ಕಾರಣವಾಗಿ ಕಾಣಲಿಲ್ಲ. ಇದು ಒಂದು ಕಾಲಬಿಂದುವಿನ ನೋಟ ಮಾತ್ರ ಎಂಬ ಎಚ್ಚರ ಬೇಕು. ಬ್ರಿಟನ್ನಿನ 47,033 ಮಂದಿಯನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ (2011) ಸಸ್ಯಾಹಾರಿಗಳು ಈ ಕಾಯಿಲೆಯಿಂದ ಆಸ್ಪತ್ರೆ ಸೇರುವ ಅಥವಾ ಸಾಯುವ ಸಂಭವ ಶೇಕಡ 31ರಷ್ಟು ಕಡಿಮೆಯಿತ್ತು. ನಾರು ಹೆಚ್ಚು ತಿನ್ನುವವರಿಗೂ ಅಪಾಯ ಕಡಿಮೆ. ಇವೆರಡೂ ಪರಸ್ಪರ ವಿರುದ್ಧವೆಂದು ಭಾವಿಸಬೇಕಿಲ್ಲ. ಒಂದು ಎಣಿಸಿದ್ದು ಚೀಲವನ್ನು, ಇನ್ನೊಂದು ಕಾಯಿಲೆಯನ್ನು.

ಆದ್ದರಿಂದ ನಾರು ತಿನ್ನಿರಿ ಎಂಬ ಬರ್ಕಿಟ್ಟರ ಸಲಹೆ ಉಳಿಯುತ್ತದೆ. ನಾರಿನ ಕೊರತೆಯೇ ಚೀಲಕ್ಕೆ ಕಾರಣ ಎಂಬ ಅವರ ಸಿದ್ಧಾಂತ ಹಾಗೆಯೇ ಉಳಿಯುವುದಿಲ್ಲ. ಒಳ್ಳೆಯ ಸಲಹೆ ಕೊಟ್ಟಿತೆಂಬ ಕಾರಣಕ್ಕೆ ಸಿದ್ಧಾಂತವೊಂದು ಪರೀಕ್ಷೆಯಿಂದ ತಪ್ಪಿಸಿಕೊಳ್ಳಬಾರದು. ಧೈರ್ಯದಿಂದ ಒಂದು ಊಹೆಯನ್ನು ಮುಂದಿಟ್ಟು, ಇತರರು ಪರೀಕ್ಷಿಸುವಂತೆ ಮಾಡಿದ್ದು ಆ ಲೇಖನದ ಹಿರಿಮೆ. ಪರೀಕ್ಷೆ ಮುಗಿಯುವ ಮೊದಲೇ ಅದನ್ನು ಪಾಠವಾಗಿಸಿದ್ದು ಉಳಿದವರ ಲೋಪ. ತರಗತಿಯಲ್ಲಿ 'ಆ ಜನರಿಗೆ ಈ ಕಾಯಿಲೆ ಹೆಚ್ಚು' ಎಂಬ ವಾಕ್ಯ ಬಂದಾಗ ವಿದ್ಯಾರ್ಥಿಗಳು ಮೂರು ಪ್ರಶ್ನೆ ಕೇಳಲಿ: ಎಣಿಸಿದ್ದು ಏನನ್ನು? ಯಾವ ವಯಸ್ಸಿನವರಲ್ಲಿ? ಊರು ಬಿಟ್ಟವರಲ್ಲಿ ಏನಾಯಿತು?