ಕಡಲು ನುಂಗಿದ ನಗರಗಳು: ಅಟ್ಲಾಂಟಿಸ್ ಮತ್ತು ದ್ವಾರಕೆ

ಕಲಂಗುಟ್‌ನ ದಂಡೆಯಲ್ಲಿ ನಿಂತು ಮಳೆಗಾಲದ ಕಡಲನ್ನು ಕಂಡವರಿಗೆ, ನೀರು ಒಂದು ನಗರವನ್ನೇ ನುಂಗಿತೆಂಬ ಮಾತು ಬರಿಯ ಕಲ್ಪನೆಯೆನಿಸದು. ಗ್ರೀಕ್ ದಾರ್ಶನಿಕ ಪ್ಲೇಟೋ ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ‘ಟಿಮಾಯಸ್’ ಮತ್ತು ‘ಕ್ರಿಟಿಯಾಸ್’ ಸಂವಾದಗಳಲ್ಲಿ ಬಣ್ಣಿಸಿದ ಅಟ್ಲಾಂಟಿಸ್ ಇಂಥದೇ ಕಥೆ. ಐಶ್ವರ್ಯದಿಂದ ಮೆರೆದು, ದುರಾಸೆಯಿಂದ ಕೆಟ್ಟ ಆ ದ್ವೀಪ ಒಂದು ಹಗಲು, ಒಂದು ಇರುಳಿನಲ್ಲಿ ಮುಳುಗಿತಂತೆ.

ಈ ಕಥೆಯನ್ನು ವಿದ್ವಾಂಸರು ಎರಡು ಬಗೆಯಲ್ಲಿ ಓದಿದ್ದಾರೆ. ಕೆಲವರು ದ್ವೀಪವನ್ನೇ ಹುಡುಕಿದರು. 1882ರಲ್ಲಿ ಅಮೆರಿಕದ ಡೊನೆಲಿ ಅದನ್ನು ಎಲ್ಲ ನಾಗರಿಕತೆಗಳ ತವರೆಂದು ಸಾರಿದ. ಥೇರಾ ಅಗ್ನಿಪರ್ವತದ ಸ್ಫೋಟದಿಂದ ಕ್ರೀಟಿನ ನಾಗರಿಕತೆ ಕುಸಿಯಿತೆಂದು ಪುರಾತತ್ವಜ್ಞ ಮರಿನಾಟೋಸ್ 1939ರಲ್ಲಿ ವಾದಿಸಿದ ಬಳಿಕ, ಆ ನೆನಪೇ ಅಟ್ಲಾಂಟಿಸ್ ಆಯಿತೆಂದು ಹಲವರು ಬಗೆದರು. ಇನ್ನೊಂದು ಓದು ಫ್ರಾನ್ಸಿನ ಇತಿಹಾಸಕಾರ ವಿಡಾಲ್-ನಾಕೆ ಅವರದು. ನೌಕಾಬಲದಿಂದ ಬೀಗಿದ ಅಥೆನ್ಸಿಗೆ ಪ್ಲೇಟೋ ಹಿಡಿದ ಕನ್ನಡಿಯೇ ಅಟ್ಲಾಂಟಿಸ್ ಎಂಬುದು ಅವರ ನಿಲುವು.

ಈ ಚರ್ಚೆ ನಮಗೆ ದೂರದ್ದಲ್ಲ. ಇದೇ ಗೋವೆಯ ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ವಕ್ಕೆ ಅಡಿಪಾಯ ಹಾಕಿದವರು ಕನ್ನಡಿಗರಾದ ಎಸ್. ಆರ್. ರಾವ್. ಲೋಥಲ್ ಅನ್ನು ಬೆಳಕಿಗೆ ತಂದ ಅವರು 1980ರ ದಶಕದಲ್ಲಿ ದ್ವಾರಕೆಯ ನೀರಿನಡಿ ಕಲ್ಲಿನ ಕಟ್ಟಡಗಳ ಅವಶೇಷಗಳನ್ನೂ ಲಂಗರುಗಳನ್ನೂ ಗುರುತಿಸಿ, ಅವು ಮಹಾಭಾರತದ ನಗರಕ್ಕೆ ಸಾಕ್ಷಿಯೆಂದರು. ಅವುಗಳಲ್ಲಿ ಹಲವು ಬಹಳ ಈಚಿನ ಬಂದರಿನವೆಂಬುದು ಅದೇ ಸಂಸ್ಥೆಯ ನಂತರದ ಸಂಶೋಧಕರ ಅಭಿಪ್ರಾಯ.

ಇದರಿಂದ ರಾವ್ ಅವರ ಹಿರಿಮೆ ಕುಗ್ಗುವುದಿಲ್ಲ. ಕಡಲಿನ ತಳವೂ ಇತಿಹಾಸದ ಆಕರವೆಂದು ತೋರಿಸಿಕೊಟ್ಟದ್ದು ಅವರ ಕೊಡುಗೆ. ಆದರೆ ಕಲ್ಲು ಸಿಕ್ಕರೆ ಕಥೆ ನಿಜ, ಸಿಗದಿದ್ದರೆ ಸುಳ್ಳು ಎಂಬ ಅಳತೆ ಸಾಲದು. ಮೌಸಲಪರ್ವದಲ್ಲಿ ದ್ವಾರಕೆ ಮುಳುಗುವ ಮೊದಲೇ ಯಾದವರು ಮದ್ಯದ ಅಮಲಿನಲ್ಲಿ ಪರಸ್ಪರ ಕೊಂದುಕೊಂಡಿರುತ್ತಾರೆ. ಹತ್ತು ಪರ್ವಗಳಿಗೇ ನಿಂತ ಕುಮಾರವ್ಯಾಸನಲ್ಲಿ ಆ ಪ್ರಸಂಗವಿಲ್ಲದ್ದರಿಂದ ನಾವು ಅದನ್ನು ಅಷ್ಟಾಗಿ ನೆನೆಯುವುದಿಲ್ಲ. ಅಟ್ಲಾಂಟಿಸ್‌ನಲ್ಲೂ ಮನುಷ್ಯರ ಪತನ ಮೊದಲು, ಪ್ರವಾಹ ಆಮೇಲೆ.

ನಗರದ ಕಾಲವನ್ನು ಕಲ್ಲಿನಿಂದ ತಿಳಿಯಬಹುದು. ಅದು ಏಕೆ ಅಳಿಯಿತೆಂದು ಹಿಂದಿನವರು ನಂಬಿದ್ದರೆಂಬುದನ್ನು ಕಥೆಯಿಂದಲೇ ತಿಳಿಯಬೇಕು. ‘ಕ್ರಿಟಿಯಾಸ್’ ಅಪೂರ್ಣ ಕೃತಿ. ದೇವತೆಗಳ ಸಭೆ ಸೇರಿಸಿ ಸ್ಯೂಸ್ ಮಾತು ಆರಂಭಿಸುವಲ್ಲಿಗೇ ಅದು ನಿಂತುಬಿಡುತ್ತದೆ. ಆ ಮಾತು ಏನಿದ್ದೀತೆಂದು ಯೋಚಿಸುವ ಹೊಣೆ ಓದುಗರಾದ ನಮ್ಮದು.